ಸಂಜೆಯ ತೂಕವಿಲ್ಲದ ದುಡಿಮೆ



ನಮ್ಮ ಗೂಡಲೂರು, ಪಂದಲೂರು ಕಡೆಯ ಲೈನುಮನೆಗಳಿಂದ ಬೆಂಗಳೂರಿಗೆ ಕಂಪ್ಯೂಟರ್ ಕೆಲಸಕ್ಕೆ ಹೋದ ಮಕ್ಕಳು ಈಗ ಕಡಿಮೆಯೇನಿಲ್ಲ. ಮಳೆಯಲ್ಲಿ ನೆನೆದು, ಜಿಗಣೆಗೆ ರಕ್ತ ಕೊಟ್ಟು, ಸಾಲ ಮಾಡಿ ನಾವು ಅವರನ್ನು ಓದಿಸಿದೆವು. ನಮ್ಮ ಮಗ ನೆರಳಲ್ಲಿ ಕುಳಿತು ದುಡಿಯುತ್ತಾನೆಂದು ಹೆಮ್ಮೆಪಟ್ಟೆವು. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ನೆರಳಲ್ಲಿ ಕುಳಿತವನಿಗೆ ದಣಿವೇ ಇಲ್ಲವೆಂದು ತಿಳಿದದ್ದು ನಮ್ಮ ತಪ್ಪು.

ಕಳೆದ ವರ್ಷ ಈಸ್ಟರ್ ಹಬ್ಬಕ್ಕೆ ನಮ್ಮ ಲೈನಿನ ಹುಡುಗನೊಬ್ಬ ಊರಿಗೆ ಬಂದ. ಹಬ್ಬದ ಊಟ ಮುಟ್ಟಲಿಲ್ಲ, ಯಾರೊಡನೆಯೂ ಮಾತಿಲ್ಲ. ರಾತ್ರಿ ಎರಡು ಗಂಟೆಗೂ ಫೋನು ಹಿಡಿದು ಬಾಗಿಲ ಬಳಿ ಕುಳಿತಿರುತ್ತಿದ್ದ. ತಾಯಿ ಅಳುತ್ತಾ ಬಂದು ಕರೆದಾಗ ನಾವು ಹೋದೆವು. ಹೋಗಿ ಮಾಡಿದ್ದೇನು? "ಪ್ರಾರ್ಥನೆ ಬಿಟ್ಟಿದ್ದೀಯಪ್ಪಾ, ಅದಕ್ಕೇ ಹೀಗೆ" ಎಂದು ಗದರಿಸಿ ಬಂದೆವು. ಅವನು ತಲೆ ತಗ್ಗಿಸಿ ಕೇಳಿದ, ಮರುದಿನ ಬಸ್ಸು ಹತ್ತಿದ. ಎರಡು ತಿಂಗಳಾದ ಮೇಲೆ ಜೊತೆಯಲ್ಲಿದ್ದ ಗೆಳೆಯರು ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬದುಕುವುದೇ ಬೇಡವೆಂಬ ಯೋಚನೆ ಹಬ್ಬದ ದಿನವೇ ತನ್ನಲ್ಲಿತ್ತೆಂದು ಅವನೇ ನಂತರ ಹೇಳಿದ. ಚಿಕಿತ್ಸೆಯಿಂದ ಈಗ ಚೇತರಿಸಿಕೊಂಡಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಎಲೀಯನ ಕಥೆಯನ್ನು ನಾವೇ ಎಷ್ಟು ಸಲ ಮಕ್ಕಳಿಗೆ ಕಲಿಸಿಲ್ಲ! ದಣಿದು, ಹೆದರಿ, ಅಡವಿಯ ಗಿಡವೊಂದರ ಕೆಳಗೆ ಸಾವನ್ನು ಬೇಡಿದ ಪ್ರವಾದಿ ಅವನು. ಬಂದ ದೇವದೂತ ಅವನನ್ನು ಗದರಿಸಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಉಪದೇಶಿಗಳಾದ ನಮಗೆ ಆ ದಿನ ಅದು ನೆನಪಾಗಲಿಲ್ಲ.

ಇನ್ನು ದುಡಿಮೆಯ ಮಾತು. ತೋಟದಲ್ಲಿ ಬೆಳಿಗ್ಗೆ ಹಾಜರಿ, ಸಂಜೆ ತೂಕ. ತೂಕ ಮುಗಿದರೆ ಆ ದಿನದ ಕೆಲಸ ಮುಗಿಯಿತು. ಈ ಮಿತಿ ಯಾರೋ ದಯಪಾಲಿಸಿದ್ದಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ವಾರಕ್ಕೆ 54 ಗಂಟೆಯ ಮಿತಿ ಹಾಕಿತು. 1981ರ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದರೂ ದಿನಕ್ಕೆ ಎಂಟು ಗಂಟೆಯ ಅಳತೆ ಉಳಿದಿದೆ.

ನಮ್ಮ ಮಕ್ಕಳಿಗೆ ಸಂಜೆಯ ತೂಕವೇ ಇಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ವಾರಕ್ಕೆ 48 ಗಂಟೆ ಎನ್ನುತ್ತದೆ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಎನ್ನುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಫೋನಿಗೆ ಬರುವ ಕೆಲಸವನ್ನು ಯಾವ ಚೆಕ್‌ರೋಲಿನಲ್ಲಿ ಬರೆಯುತ್ತಾರೆ? 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅದಕ್ಕೆ ಎರಡು ವರ್ಷ ಮೊದಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಲೆಕ್ಕ ಕೊಟ್ಟಿದ್ದವು: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು. ದೇಹವೇ ತಾಳದ ಹೊರೆಯನ್ನು ಮನಸ್ಸು ತಾಳೀತೇ?

ನಾವು ಮೈಸೂರಿಗೆ ಹೋಗುವ ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಾರೆ. ಕೆಲವು ಬಸ್ಸುಗಳನ್ನು ಬಿಟ್ಟರೆ ಬೆಳಿಗ್ಗೆ ಆರರವರೆಗೆ ವಾಹನಗಳಿಗೆ ದಾರಿಯಿಲ್ಲ. ಆನೆಗೂ ಜಿಂಕೆಗೂ ರಾತ್ರಿಯ ನೆಮ್ಮದಿ ಬೇಕೆಂದು ಒಪ್ಪಿದವರು ನಮ್ಮ ಮಕ್ಕಳಿಗೂ ಬೇಕೆಂದು ಒಪ್ಪಬಾರದೇ?

"ನಾವು ಇದಕ್ಕಿಂತ ಕಷ್ಟಪಟ್ಟೆವು, ನಮಗೆ ಈ ಕಾಯಿಲೆ ಬರಲಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಬಂದಿತ್ತು. ಆಗ ಅದಕ್ಕೆ ಗಾಳಿ ಸೋಕಿತೆಂದೆವು, ಕುಡಿತದ ಚಟವೆಂದೆವು, ಮೈಗಳ್ಳತನವೆಂದೆವು.

ಒತ್ತಡವೆಲ್ಲ ಕಚೇರಿಯಿಂದಲೇ ಬರುವುದೂ ಅಲ್ಲ. ನಿವೃತ್ತಿಯಾದರೆ ನಾವು ಲೈನುಮನೆ ಬಿಡಬೇಕು. ಒಂದು ಸ್ವಂತ ಸೂರು, ತಂಗಿಯ ಮದುವೆ, ಓದಿನ ಸಾಲದ ಕಂತು, ಎಲ್ಲವನ್ನೂ ಆ ಒಂದು ಸಂಬಳದ ಮೇಲೆ ಹೇರಿದ್ದೇವೆ. ಆದ್ದರಿಂದ ಅವನು ಕೆಲಸ ಬಿಡಲಾರ, ಕಷ್ಟವನ್ನು ಬಾಯಿಬಿಟ್ಟು ಹೇಳಲೂ ಆರ. ಹೊರೆ ಸುಳ್ಳಲ್ಲ, ನಮ್ಮ ಬಡತನವೂ ಸುಳ್ಳಲ್ಲ. ಆದರೆ ಮನೆಗಿಂತ ಮಗ ದೊಡ್ಡವನು.

ಆದುದರಿಂದ ತಂದೆತಾಯಿಗಳೇ, ಮಕ್ಕಳಿಗೆ ಫೋನು ಮಾಡಿದಾಗ ಹಣ ಬಂತೋ ಎಂದು ಮೊದಲು ಕೇಳಬೇಡಿ. ಉಂಡೆಯಾ, ಮಲಗಿದೆಯಾ ಎಂದು ಕೇಳಿ. ಕೆಲಸ ಬಿಟ್ಟು ಬಂದರೂ ನಿನಗೆ ಇಲ್ಲಿ ಗಂಜಿ ಇದೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಿ. ನಿದ್ದೆ ಕೆಟ್ಟರೆ, ಮಾತು ನಿಂತರೆ, ಸಾವಿನ ಮಾತು ಬಂದರೆ ತಡಮಾಡಬೇಡಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡುತ್ತಾರೆ. ಮನೋವೈದ್ಯರ ಬಳಿಗೆ ಹೋಗುವುದು ಮೂಳೆ ಮುರಿದಾಗ ಆಸ್ಪತ್ರೆಗೆ ಹೋದಂತೆಯೇ. ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ.

ಮಕ್ಕಳೇ, ನಿಮಗೂ ಒಂದು ಮಾತು. ನಿಮ್ಮ ಕೊರಳಲ್ಲಿ ಗುರುತಿನ ಚೀಟಿಯಿದ್ದರೂ ನೀವು ಕಾರ್ಮಿಕರೇ. ಬೆಂಗಳೂರಿನಲ್ಲಿ ಐ.ಟಿ. ನೌಕರರಿಗೂ ಸಂಘವಿದೆ, ದಿನದ ಕೆಲಸದ ಅವಧಿಯನ್ನು ಹೆಚ್ಚಿಸುವ ಪ್ರಸ್ತಾಪ 2024ರಲ್ಲಿ ಬಂದಾಗ ಅದು ಎದ್ದುನಿಂತು ವಿರೋಧಿಸಿತು. ಅದರಲ್ಲಿ ಸೇರಿ. ನಿಮ್ಮ ಅಜ್ಜಂದಿರು ಒಬ್ಬೊಬ್ಬರಾಗಿ ದೊರೆಯ ಬಂಗಲೆಗೆ ಹೋಗಿದ್ದರೆ ನಮಗೆ ಇಂದಿಗೂ ಭಾನುವಾರದ ರಜೆ ಇರುತ್ತಿರಲಿಲ್ಲ.

ಈ ವರ್ಷದ ಹಬ್ಬಕ್ಕೆ ಆ ಹುಡುಗ ಮತ್ತೆ ಬಂದಿದ್ದ. ನಾವು ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಉಪದೇಶವನ್ನೇನೂ ಮಾಡಲಿಲ್ಲ. ಜೊತೆಯಲ್ಲಿ ಕುಳಿತು ಊಟಮಾಡಿ ಬಂದೆವು.