ಗುಜರಿ ಎಂಜಿನ್ ಕೂರಿಸೋ ಮುಂಚೆ ಒಂದ್ಸಲ ಯೋಚನೆ ಮಾಡಿ



"ಅಣ್ಣ, ಬೋರ್ ಮಾಡ್ಸೋ ದುಡ್ಡಿಗೆ ಗುಜರೀಲಿ ಹೊಸ ಮಾಡೆಲ್ ಎಂಜಿನ್ನೇ ಸಿಗುತ್ತೆ. ಎತ್ತಿ ಕೂರಿಸಿದ್ರೆ ಮುಗೀತು." ಈ ಮಾತನ್ನ ಕಡೂರಲ್ಲೂ ಕೇಳಿದೀನಿ, ತರೀಕೆರೇಲೂ ಕೇಳಿದೀನಿ, ಅಜ್ಜಂಪುರದಲ್ಲೂ ಕೇಳಿದೀನಿ. ನಂಬಿ ಕೆಟ್ಟೆ. ಹಳೇ ಪಿಕಪ್ಪಿಗೆ ಬೇರೆ ಜಾತಿ ಎಂಜಿನ್ ಹಾಕಿಸೋದು ಉಳಿತಾಯ ಅಲ್ಲ, ಕೈಯಾರೆ ತಂದುಕೊಳ್ಳೋ ನಷ್ಟ.

ನನ್ನದು ಹಳೇ ಡೀಸೆಲ್ ಪಿಕಪ್. ಕಂಪ್ಯೂಟರ್ ಇಲ್ಲ. ಕೀ ತಿರುಗಿಸಿದ್ರೆ ಪಂಪಿನ ಸೊಲೆನಾಯ್ಡಿಗೆ ಕರೆಂಟ್ ಹೋಗುತ್ತೆ, ಡೀಸೆಲ್ ಬಿಡುತ್ತೆ, ಸೆಲ್ಫ್ ಹೊಡೆದ್ರೆ ಸ್ಟಾರ್ಟ್. ಅದಕ್ಕೆ ತಂದು ಹಾಕಿದ್ದು ಕಾಮನ್ ರೈಲ್ ಎಂಜಿನ್ನು. ಅದರಲ್ಲಿ ಡೀಸೆಲ್ ಯಾವಾಗ, ಎಷ್ಟು ಬಿಡ್ಬೇಕು ಅನ್ನೋದನ್ನ ಇಸಿಯು ಅನ್ನೋ ಪೆಟ್ಟಿಗೆ ತೀರ್ಮಾನ ಮಾಡುತ್ತೆ. ಕ್ರ್ಯಾಂಕ್ ಸೆನ್ಸರ್, ರೈಲ್ ಪ್ರೆಶರ್ ಸೆನ್ಸರ್, ಆಕ್ಸಿಲರೇಟರ್ ಪೆಡಲ್ ಸೆನ್ಸರ್ ಎಲ್ಲಾ ಅದಕ್ಕೆ ಸುದ್ದಿ ಕೊಡ್ಬೇಕು. ಇಮ್ಮೊಬಿಲೈಸರ್ ಇದ್ರೆ ಕೀ ಒಳಗಿನ ಚಿಪ್ಪೂ ಹೊಂದಬೇಕು. ನನ್ನ ಗಾಡೀಲಿ ಎಂಜಿನ್ ಒಂದರದು, ಇಸಿಯು ಇನ್ನೊಂದರದು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಸೆಲ್ಫ್ ಹೊಡೆದಿದ್ದೇ ಹೊಡೆದಿದ್ದು, ಎಂಜಿನ್ ಮಾತ್ರ ಸ್ಟಾರ್ಟ್ ಆಗ್ಲಿಲ್ಲ. ಸರಿಯಾದ ಇಸಿಯು, ವೈರಿಂಗು, ಪೆಡಲ್ಲು ಹುಡುಕಿ ತರೋಷ್ಟರಲ್ಲಿ ತಿಂಗಳು. ಕಿತ್ತ ಈರುಳ್ಳಿ ಹೊಲದಲ್ಲಿ, ಮೇಲೆ ಮೋಡ, ಗಾಡಿ ಶೆಡ್ಡಲ್ಲಿ.

ಸ್ಟಾರ್ಟ್ ಆದ್ಮೇಲೆ ಗೊತ್ತಾಗಿದ್ದು ಇನ್ನೂ ಭಯದ ವಿಷಯ. ಡೀಸೆಲ್ ಗಾಡೀಲಿ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡೋಕೆ ಒಂದು ಪಂಪ್ ಇರುತ್ತೆ, ಎಷ್ಟೋ ಗಾಡೀಲಿ ಆಲ್ಟರ್ನೇಟರ್ ಹಿಂದೇನೇ. ಬೇರೆ ಆಲ್ಟರ್ನೇಟರ್ ಕಟ್ಟುವಾಗ ಆ ಪಂಪನ್ನೇ ಬಿಟ್ಟಿದ್ರು. ಬಿ.ಎಚ್. ರೋಡಲ್ಲಿ ಲೋಡ್ ಹಾಕ್ಕೊಂಡು ಬ್ರೇಕ್ ಒತ್ತಿದ್ರೆ ಕಲ್ಲು ಒತ್ತಿದಂಗೆ. ಮುಂದೆ ಯಾರೂ ಇರ್ಲಿಲ್ಲ, ಬದುಕಿದೆ.

ಇನ್ನು ಕಾಗದದ ಮಾತು. 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸಂಗಿಲ್ಲ. 2019ರ ಜನವರೀಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಒಪ್ಪಿಗೆ ಇಲ್ದೆ ಎಂಜಿನ್ ಬದಲಾಗಿದ್ರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸ್ಬೇಕು. ಕೆಎ 66ರ ಆಫೀಸು ತರೀಕೆರೇಲೇ ಇದೆ, ದೂರ ಅನ್ನೋ ನೆಪ ಬೇಡ. ನಾಳೆ ಅಪಘಾತ ಆಗಿ ಎಂಜಿನ್ ನಂಬರ್ ತಾಳೆ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸಿಗೆ ತಕರಾರು ಬರುತ್ತೆ. ಆವಾಗ ಎಂಜಿನ್ ಕೂರಿಸಿದವನು ಬರಲ್ಲ, ತೋಟ ಅಡ ಇಡೋದು ನಾವು.

"ನಂದು ಬದಲಾಯಿಸಿ ಐದು ವರ್ಷ ಆಯ್ತು, ಚೆನ್ನಾಗೇ ಓಡ್ತಿದೆ" ಅನ್ನೋರೂ ಇದೀರಿ. ಒಪ್ತೀನಿ. ನಾನು ವಿಚಾರಿಸಿದವರೆಲ್ಲಾ ಹಾಕಿಸಿದ್ದು ಅದೇ ಕಂಪನಿಯ ಅದೇ ಮಾಡೆಲ್ ಎಂಜಿನ್ನು, ಆರ್‌ಸಿಗೂ ಏರಿಸಿದಾರೆ. ನನ್ನ ಜಗಳ ಅವರ ಜೊತೆ ಅಲ್ಲ. "ಯಾವುದಾದ್ರೂ ಕೂರುತ್ತೆ, ವೆಲ್ಡಿಂಗ್ ಹೊಡೆದ್ರೆ ಆಯ್ತು" ಅನ್ನೋರ ಜೊತೆ. ಫೌಂಡೇಶನ್ ವೆಲ್ಡ್ ಮಾಡ್ಬಹುದು. ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದದ ಕ್ಲಚ್ ಪ್ಲೇಟನ್ನ, ಒಪ್ಪದ ಇಸಿಯುನ ಯಾವ ವೆಲ್ಡಿಂಗೂ ಕೂಡಿಸಲ್ಲ.

ಹಳೇ ಎಂಜಿನ್ ಸವೆದಿದ್ರೆ ಬೋರ್ ಮಾಡಿಸಿ. ಬ್ಲಾಕೇ ಒಡೆದಿದ್ರೆ ಅದೇ ಮಾಡೆಲ್ ಹುಡುಕಿ, ಮಾರಿದವನ ಹತ್ರ ಬಿಲ್ಲು, ಹಳೇ ಗಾಡಿ ಕಾಗದ ಇಸ್ಕೊಳ್ಳಿ, ಬಿಚ್ಚೋ ಮುಂಚೆ ಆರ್‌ಟಿಓ ಆಫೀಸಲ್ಲಿ ಕೇಳಿ. ನಾನು ಕೊನೆಗೆ ಮಾಡಿಸಿದ್ದು ಹಳೇ ಎಂಜಿನ್ ಬೋರೇ. ಆದ್ರೆ ಎರಡು ಸಲದ ದುಡ್ಡು ಕೊಟ್ಟು.