ಏಣಿಯ ಮೇಲಿನವನಿಗೆ ನೋಂದಣಿ ಬೇಡವೇ?

ರಮಝಾನ್‌ಗೆ ಮುನ್ನ ನಮ್ಮ ಊರುಗಳ ಮಸೀದಿಗಳಿಗೆ ಬಣ್ಣ ಬಳಿಸುವುದು ಬಹುಕಾಲದ ವಾಡಿಕೆ. ಆಡಳಿತ ಸಮಿತಿಯವರು ಇಬ್ಬರು ಮೂವರು ಪೇಂಟಿಂಗ್ ಮೇಸ್ತ್ರಿಗಳನ್ನು ಕರೆಸುತ್ತಾರೆ. ಚದರಡಿಗೆ ಎಷ್ಟು, ಪುಟ್ಟಿ ಸೇರಿಯೋ ಸೇರದೆಯೋ, ಬಣ್ಣ ತಂದುಕೊಡಬೇಕಾದವರು ಯಾರು ಎಂಬ ವಿಚಾರಗಳಲ್ಲಿ ಒಂದಷ್ಟು ಚೌಕಾಸಿ ನಡೆಯುತ್ತದೆ. ಅಸರ್ ನಮಾಝಿನ ಬಳಿಕ ಆರಂಭವಾದ ಮಾತು ಮಗ್ರಿಬ್‌ನ ಹೊತ್ತಿಗೆ ಮುಗಿಯುತ್ತದೆ. ಮಾರನೆಯ ದಿನ ಮಿನಾರದ ಸುತ್ತ ಬಿದಿರಿನ ಸಾರುವೆ ಏಳುತ್ತದೆ. ಆ ಸಾರುವೆಯ ತುದಿಗೆ ಹತ್ತುವ ಹುಡುಗ ಯಾರು, ಅವನ ಹೆಸರು ಎಲ್ಲಿಯಾದರೂ ನೋಂದಣಿಯಾಗಿದೆಯೇ, ಅಲ್ಲಿಂದ ಬಿದ್ದರೆ ಅವನ ಮನೆಯವರಿಗೆ ಹೊಣೆ ಯಾರು ಎಂಬ ಪ್ರಶ್ನೆಗಳನ್ನು ಅಂದು ಯಾರೂ ಕೇಳುವುದಿಲ್ಲ. ದರ ಎಷ್ಟು ಕಡಿಮೆ ಎಂಬುದೊಂದೇ ಅಲ್ಲಿ ಮುಖ್ಯ.

ಕೆಲವು ವರ್ಷಗಳ ಹಿಂದೆ ನಮಗೆ ಪರಿಚಿತವಾದ ಒಂದು ಕುಟುಂಬದ ಯುವಕ ಮೂರನೆಯ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಬಿದ್ದು ಮೃತಪಟ್ಟ. ಮನೆಯ ಮಾಲಿಕರು ಒಂದಷ್ಟು ಹಣ ಕೊಟ್ಟರು. ಮೇಸ್ತ್ರಿ ದಫನಕ್ಕೆ ನೆರವಾದರು, ಜಮಾಅತ್‌ನವರು ಚಂದಾ ಎತ್ತಿದರು. ಅದೆಲ್ಲ ನಲ್ವತ್ತು ದಿನಗಳೊಳಗೆ ಮುಗಿದುಹೋಯಿತು. ಬಳಿಕ ಆತನ ಪತ್ನಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಾಗ ಆಕೆಯ ಮುಂದೆ ಬಂದ ಮೊದಲ ಪ್ರಶ್ನೆ, ‘ಲೇಬರ್ ಕಾರ್ಡ್ ಇದೆಯೇ?’ ಎಂಬುದು. ಹತ್ತು ವರ್ಷಗಳಿಂದ ಗೋಡೆಗಳಿಗೆ ಬಣ್ಣ ಬಳಿದವನು ಪೇಂಟರ್ ಆಗಿದ್ದ ಎಂಬುದಕ್ಕೆ ಆ ಕುಟುಂಬದ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ.

ಈ ಕಾಗದದ ವಿಚಾರವನ್ನು ತುಸು ಬಿಡಿಸಿ ನೋಡಬೇಕಾಗಿದೆ. ಏಕೆಂದರೆ ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳಲ್ಲಿ ಪೇಂಟಿಂಗ್ ಒಂದು ದೊಡ್ಡ ಜೀವನಾಧಾರ. ಎಸೆಸೆಲ್ಸಿಯಲ್ಲಿ ತಪ್ಪಿದ ಹುಡುಗ ಮಾವನ ಜೊತೆ ಕೆಲಸಕ್ಕೆ ಹೋಗುತ್ತಾನೆ, ಐದಾರು ವರ್ಷಗಳಲ್ಲಿ ತಾನೇ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಗುತ್ತಿಗೆ ಹಿಡಿಯುತ್ತಾನೆ. ಆ ದಿನದಿಂದ ಅವನು ಕಾರ್ಮಿಕನೋ ಗುತ್ತಿಗೆದಾರನೋ ಎಂಬುದು ಅವನಿಗೇ ಸ್ಪಷ್ಟವಿರುವುದಿಲ್ಲ. ಸರಕಾರಕ್ಕೂ ಸ್ಪಷ್ಟವಿಲ್ಲ.

ಮನೆಗೆ ವಿದ್ಯುತ್ ವಯರಿಂಗ್ ಮಾಡುವ ಗುತ್ತಿಗೆದಾರನಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಬಣ್ಣ ಬಳಿಯುವ ಗುತ್ತಿಗೆದಾರನಿಗೆ ಅಂತಹ ವೃತ್ತಿ ಪರವಾನಗಿ ಯಾವುದೂ ಇಲ್ಲ. ಬ್ರಷ್ ಹಿಡಿದವನೆಲ್ಲ ಪೇಂಟರ್, ಹತ್ತು ಲೀಟರ್ ಬಣ್ಣ ಸಾಲ ತರಬಲ್ಲವನೆಲ್ಲ ಗುತ್ತಿಗೆದಾರ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯು ಗುತ್ತಿಗೆದಾರನಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದು ನಿಜ, ಆದರೆ ಅದು 20 ಅಥವಾ ಅದಕ್ಕಿಂತ ಹೆಚ್ಚು ಮಂದಿಯನ್ನು ದುಡಿಸುವವರಿಗೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ಈ ಮಿತಿ 50ಕ್ಕೆ ಏರಿತು. ಆರೇಳು ಮಂದಿಯ ತಂಡ ಕಟ್ಟಿಕೊಂಡು ಬೈಕಿನ ಹಿಂದೆ ರೋಲರ್, ಬಕೆಟ್ ಕಟ್ಟಿಕೊಂಡು ಹೋಗುವ ನಮ್ಮ ಮೇಸ್ತ್ರಿಯನ್ನು ಈ ಕಾನೂನು ಹಿಂದೆಯೂ ಕಂಡಿರಲಿಲ್ಲ, ಈಗಂತೂ ಅವನಿಂದ ಇನ್ನಷ್ಟು ದೂರ ಸರಿದಿದೆ.

ಕಾರ್ಮಿಕನ ಕಾಗದದ ಕಥೆ ಬೇರೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯು ಕಟ್ಟಡದ ದುರಸ್ತಿ ಮತ್ತು ನಿರ್ವಹಣೆಯನ್ನೂ ನಿರ್ಮಾಣ ಕಾಮಗಾರಿಯ ವ್ಯಾಖ್ಯೆಯೊಳಗೆ ಸೇರಿಸಿತ್ತು. ಆದ್ದರಿಂದ ಪೇಂಟರ್ ಕೂಡ ಕಟ್ಟಡ ಕಾರ್ಮಿಕನೇ. ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು, ವಯಸ್ಸು 18ರಿಂದ 60ರ ನಡುವೆ ಇರಬೇಕು ಎಂಬ ಅದರ ಷರತ್ತುಗಳನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ಅಷ್ಟಾದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಪಡೆಯಬಹುದು. ಅಪಘಾತ ಪರಿಹಾರ, ಪಿಂಚಣಿ, ಚಿಕಿತ್ಸೆಗೆ ನೆರವು, ಹೆರಿಗೆಗೆ ನೆರವು, ಮಕ್ಕಳ ಶಿಕ್ಷಣಕ್ಕೆ ಧನಸಹಾಯ ಇವೆಲ್ಲ ಆ ನೋಂದಣಿಯ ಬಾಗಿಲಿನಿಂದಲೇ ಬರುವಂಥವು. ಇದಕ್ಕೆ ಬೇಕಾದ ಹಣವನ್ನು ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ ರೂಪದಲ್ಲಿ ಸರಕಾರ ವಸೂಲಿ ಮಾಡುತ್ತಾ ಬಂದಿದೆ. ಈ ಸೆಸ್ ನಿಧಿಯಿಂದ ಲ್ಯಾಪ್‌ಟಾಪ್, ವಾಷಿಂಗ್ ಮೆಶಿನ್ ಖರೀದಿಸಲಾಗಿದೆ ಎಂಬ ವಿಚಾರ 2017ರಲ್ಲಿ ಸುಪ್ರೀಮ್ ಕೋರ್ಟಿನ ಮುಂದೆಯೇ ಬಂದಿತ್ತು. ದುಡ್ಡಿಲ್ಲದೆ ಯೋಜನೆ ಸೊರಗಿತು ಎಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಹಾಗಿದ್ದರೂ ನಮ್ಮ ಪೇಂಟರ್‌ಗಳ ಕೈಯಲ್ಲಿ ಕಾರ್ಡ್ ಏಕಿಲ್ಲ? ಅರ್ಜಿಯೊಂದಿಗೆ 90 ದಿನ ದುಡಿದ ಬಗ್ಗೆ ದೃಢೀಕರಣ ಬೇಕು. ಅದಕ್ಕೆ ಸಹಿ ಹಾಕಬೇಕಾದವನು ಬಹುತೇಕ ಮೇಸ್ತ್ರಿಯೇ. ಅವನು ಸಹಿ ಹಾಕಲು ಹಿಂಜರಿಯುತ್ತಾನೆ. ‘ಇವನು ನನ್ನ ಕೆಲಸಗಾರ’ ಎಂದು ಬರೆದುಕೊಟ್ಟರೆ ನಾಳೆ ಏನಾದರೂ ಆದಾಗ ಅದೇ ಕಾಗದ ತನ್ನ ಕೊರಳಿಗೆ ಸುತ್ತಿಕೊಂಡೀತೆಂಬ ಭಯ. ಈ ಭಯ ನಮಗೆ ಅರ್ಥವಾಗುತ್ತದೆ, ಆದರೆ ಅದು ತಪ್ಪು ತಿಳುವಳಿಕೆ. ಕೆಲಸದಲ್ಲಿ ಗಾಯಗೊಂಡವನಿಗೆ ಅಥವಾ ಸತ್ತವನ ಕುಟುಂಬಕ್ಕೆ ದುಡಿಸಿಕೊಂಡವನು ಪರಿಹಾರ ಕೊಡಬೇಕೆಂಬುದು 1923ರ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಕಾರ್ಡಿಗೆ ಸಹಿ ಹಾಕಿದ ಕ್ಷಣದಲ್ಲಿ ಹುಟ್ಟುವ ಹೊಣೆಯಲ್ಲ ಅದು, ಬೆಳಿಗ್ಗೆ ಎಂಟು ಗಂಟೆಗೆ ಹುಡುಗನನ್ನು ಏಣಿ ಹತ್ತಿಸಿದಾಗಲೇ ಹುಟ್ಟಿದ್ದು. ಸಹಿ ಹಾಕದೆ ಮೇಸ್ತ್ರಿ ತನ್ನನ್ನು ಕಾಪಾಡಿಕೊಳ್ಳಲಾರ, ಹುಡುಗನಿಗೆ ಮಂಡಳಿಯಿಂದ ಬರಬಹುದಾದ ನೆರವನ್ನು ಮಾತ್ರ ತಪ್ಪಿಸಬಲ್ಲ.

ಇನ್ನೊಂದು ಗೊಂದಲವನ್ನೂ ಹೇಳಬೇಕು. 2021ರಲ್ಲಿ ಇ-ಶ್ರಮ್ ಕಾರ್ಡ್ ಬಂದಾಗ ಸೈಬರ್ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು ಮಾಡಿಸಿಕೊಂಡವರು ಅನೇಕರು. ಅದೇ ಲೇಬರ್ ಕಾರ್ಡ್ ಎಂದು ತಿಳಿದು ಜೇಬಿನಲ್ಲಿಟ್ಟುಕೊಂಡವರೂ ಇದ್ದಾರೆ. ಅದು ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ಪಟ್ಟಿ, ಕಟ್ಟಡ ಕಾರ್ಮಿಕರ ಮಂಡಳಿಯ ಸದಸ್ಯತ್ವವಲ್ಲ. ಕೇಂದ್ರ ಸರಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿಯೂ 18 ಕಸುಬುಗಳಿವೆ, ಗಾರೆ ಕೆಲಸದವನಿದ್ದಾನೆ, ದರ್ಜಿ ಇದ್ದಾನೆ, ಹೂ ಕಟ್ಟುವವನಿದ್ದಾನೆ, ಬಣ್ಣ ಬಳಿಯುವವನಿಲ್ಲ.

ಇಲ್ಲಿ ನಮ್ಮವರ ಬಗ್ಗೆ ಒಂದು ಕಟುಸತ್ಯವನ್ನು ಹೇಳದೆ ಮುಂದುವರಿಯಲಾಗದು. ನಿಜವಾದ ಪೇಂಟರ್‌ಗೆ ಸಿಗದ ಕಾರ್ಡ್ ಅಂಗಡಿ ಇಟ್ಟವನ, ಆಟೋ ಮಾಲಿಕನ, ಮನೆ ಬಾಡಿಗೆಯಲ್ಲಿ ಬದುಕುವವನ ಕೈಯಲ್ಲಿರುವುದನ್ನು ನಾವು ಕಂಡಿದ್ದೇವೆ. ಮಗಳ ಮದುವೆಗೆ ನೆರವು ಸಿಗುತ್ತದೆಂದು ದಲ್ಲಾಳಿಗೆ ಹಣ ಕೊಟ್ಟು ‘ಪೇಂಟರ್’ ಆದವರು ಅವರು. ಇದು ಎಲ್ಲ ಸಮುದಾಯಗಳಲ್ಲೂ ಇದೆ ಎಂಬ ಸಮಜಾಯಿಷಿ ನಮಗೆ ಬೇಡ. ನಕಲಿ ಕಾರ್ಡುಗಳು ಹೆಚ್ಚಿದಾಗ ಸರಕಾರ ಪರಿಶೀಲನೆಯನ್ನು ಬಿಗಿಗೊಳಿಸುತ್ತದೆ, ಅರ್ಹರ ಅರ್ಜಿಗಳೂ ಆ ಜರಡಿಯಲ್ಲಿ ಸಿಕ್ಕಿ ತಿರಸ್ಕೃತವಾಗುತ್ತವೆ. ಸಾರುವೆಯಿಂದ ಬಿದ್ದವನ ಮಕ್ಕಳ ಪಾಲನ್ನು ಕಸಿದುಕೊಂಡು ಮಾಡಿದ ಮದುವೆಯ ಊಟ ಎಂಥದ್ದು ಎಂದು ಕಾರ್ಡ್ ಹಿಡಿದವರೇ ಯೋಚಿಸಲಿ.

ಇನ್ನು ರಾಜಕೀಯದ ಮಾತು. ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ ಶೇ. 4ರ ಮೀಸಲಾತಿ ನೀಡುವ ತಿದ್ದುಪಡಿ ವಿಧೇಯಕವನ್ನು 2025ರ ಮಾರ್ಚ್‌ನಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿತು. 2 ಕೋಟಿ ರೂ.ವರೆಗಿನ ಕಾಮಗಾರಿಗಳಿಗೆ ಅನ್ವಯಿಸುವ ಪ್ರಸ್ತಾವ ಅದು. ಎಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಗಣನೆಗೆ ಕಾಯ್ದಿರಿಸಿದರು. ಟಿ.ವಿ. ಚಾನೆಲ್‌ಗಳು ತಿಂಗಳುಗಟ್ಟಲೆ ಅದನ್ನು ‘ಓಲೈಕೆ’ ಎಂದು ಕೂಗಿದವು, ನಮ್ಮವರು ಅದನ್ನು ಹಕ್ಕೆಂದು ಸಮರ್ಥಿಸಿದರು. ಸಮರ್ಥಿಸಬೇಕಾದದ್ದೇ. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಯಿಂದಲೂ ಬರಲಿಲ್ಲ: ಸರಕಾರಿ ಟೆಂಡರಿಗೆ ಅರ್ಜಿ ಹಾಕಲು ಅರ್ಹರಾದ ನೋಂದಾಯಿತ ಗುತ್ತಿಗೆದಾರರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ನಾಲ್ಕು ದರ್ಜೆಗಳಲ್ಲಿ ನೋಂದಾಯಿಸುತ್ತದೆ. ಆರ್ಥಿಕ ಸಾಮರ್ಥ್ಯಕ್ಕೆ ದಾಖಲೆ, ಹಿಂದೆ ಮಾಡಿದ ಕೆಲಸಕ್ಕೆ ದಾಖಲೆ, ಪಾನ್, ಜಿಎಸ್‌ಟಿ ಎಲ್ಲ ಬೇಕು. ಟೆಂಡರ್ ಹಾಕುವುದು ಆನ್‌ಲೈನ್‌ನಲ್ಲಿ. ಇಪ್ಪತ್ತು ವರ್ಷ ಊರಿನ ಅರ್ಧ ಮನೆಗಳಿಗೆ ಬಣ್ಣ ಬಳಿಸಿದ ಮೇಸ್ತ್ರಿ ಮಾಡಿದ ಕೆಲಸಕ್ಕೆ ದಾಖಲೆ ತೋರಿಸು ಎಂದರೆ ಯಾವುದನ್ನು ತೋರಿಸಬೇಕು? ಅವನು ಎಂದೂ ಕೊಟೇಶನ್ ಬರೆದುಕೊಟ್ಟವನಲ್ಲ, ರಶೀದಿ ಪಡೆದವನಲ್ಲ, ಕೂಲಿಯನ್ನು ಬ್ಯಾಂಕ್ ಮೂಲಕ ಪಾವತಿಸಿದವನಲ್ಲ. ಮೀಸಲಾತಿ ನಾಳೆಯೇ ಜಾರಿಗೆ ಬಂದರೂ ಅದರ ಲಾಭ ಈಗಾಗಲೇ ದೊಡ್ಡವರಾಗಿರುವ ನಾಲ್ಕಾರು ಮಂದಿಗೆ ಹೋಗುತ್ತದೆ. ಶಾಲಾ ಕಟ್ಟಡದ ಗೋಡೆಗೆ ಬಣ್ಣ ಬಳಿಯಲು ಕೊನೆಗೆ ಬರುವವನು ಅದೇ ಮೇಸ್ತ್ರಿ, ಉಪಗುತ್ತಿಗೆಯ ಉಪಗುತ್ತಿಗೆದಾರನಾಗಿ.

ಹಾಗಾದರೆ ಬಣ್ಣದ ಕೆಲಸಕ್ಕೂ ಪರವಾನಗಿ ಬೇಕೆಂದು ಸರಕಾರವನ್ನು ಒತ್ತಾಯಿಸಬೇಕೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂತಹ ಪದ್ಧತಿ ಇದೆ. ಅಲ್ಲಿ ಪೇಂಟಿಂಗ್ ಗುತ್ತಿಗೆದಾರನಿಗೆ ಸಿ-33 ಎಂಬ ಪ್ರತ್ಯೇಕ ಲೈಸೆನ್ಸ್. ಅದಕ್ಕೆ ನಾಲ್ಕು ವರ್ಷಗಳ ಅನುಭವ, ಪರೀಕ್ಷೆ, 25,000 ಡಾಲರ್‌ನ ಭದ್ರತಾ ಬಾಂಡ್ ಬೇಕು. ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದವನು ತನಗೆ ಬರಬೇಕಾದ ಹಣಕ್ಕಾಗಿ ನ್ಯಾಯಾಲಯಕ್ಕೆ ಹೋಗಲಾರ, ಪಡೆದ ಹಣವನ್ನೂ ಮನೆಯವರು ಹಿಂದಕ್ಕೆ ಕೇಳಬಹುದು. ಗ್ರಾಹಕನಿಗೆ ಇದು ರಕ್ಷಣೆ. ಆದರೆ ಇದನ್ನು ಹಾಗೆಯೇ ಇಲ್ಲಿಗೆ ತಂದರೆ ಮೊದಲು ಬೀದಿಗೆ ಬೀಳುವವನು ಅಕ್ಷರ ಬಾರದ, ಕೈಚಳಕ ಬಲ್ಲ ನಮ್ಮ ಮೇಸ್ತ್ರಿ. ಲೈಸೆನ್ಸ್ ಪಡೆದವನು ಒಬ್ಬ, ಅದನ್ನು ಬಾಡಿಗೆಗೆ ಪಡೆದು ದುಡಿಯುವವರು ಹತ್ತು ಮಂದಿ ಎಂಬಂತಾಗಲು ನಮ್ಮ ಕಚೇರಿಗಳಲ್ಲಿ ಹೆಚ್ಚು ಕಾಲ ಬೇಕಾಗದು. ಅಮೆರಿಕದಲ್ಲಿಯೇ ಟೆಕ್ಸಾಸ್ ರಾಜ್ಯವು ಪೇಂಟರ್‌ಗಳಿಗೆ ರಾಜ್ಯಮಟ್ಟದ ಲೈಸೆನ್ಸನ್ನು ಕೇಳುವುದಿಲ್ಲ.

ಆದ್ದರಿಂದ ಕೆಲಸ ಮಾಡದಂತೆ ತಡೆಯುವ ಪರವಾನಗಿಯನ್ನು ನಾವು ಬೆಂಬಲಿಸುವುದಿಲ್ಲ. ಮಾಡುವ ಕೆಲಸವನ್ನು ಗುರುತಿಸುವ ನೋಂದಣಿ ಬೇಕು. ಸಣ್ಣ ಗುತ್ತಿಗೆದಾರ ತನ್ನ ತಂಡದ ಹೆಸರುಗಳನ್ನು ಕೊಟ್ಟು ತಾಲೂಕು ಮಟ್ಟದಲ್ಲಿಯೇ ನೋಂದಾಯಿಸಿಕೊಳ್ಳುವಂತಾಗಲಿ, ಅನುಭವವನ್ನು ಕೆಲಸ ಮಾಡಿಸಿ ನೋಡಿ ಪ್ರಮಾಣೀಕರಿಸಲಿ. ಮಂಡಳಿಯ ಕಾರ್ಡ್ ಇಲ್ಲದವನನ್ನು ಏಣಿ ಹತ್ತಿಸುವಂತಿಲ್ಲ ಎಂಬ ಒಂದೇ ಷರತ್ತನ್ನು ಅವನಿಗೆ ಹಾಕಲಿ. ಇದಕ್ಕೆ ಸರಕಾರ ಮನಸ್ಸು ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ 2020ರಿಂದ ಉಚಿತವಾಗಿ ಆಗುತ್ತದೆ. ಅದಕ್ಕೂ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿದ್ದಾರೆ, ಎಚ್ಚರವಿರಲಿ.

ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡುವ ಕುರಿತಾದದ್ದು ಎಂಬುದನ್ನು ನಮ್ಮ ಖತೀಬರು ಅನೇಕ ಬಾರಿ ವಿವರಿಸಿದ್ದಾರೆ. ಆ ಪ್ರವಚನ ನಡೆದ ಮಸೀದಿಯ ಗೋಡೆಗೇ ಬಣ್ಣ ಬಳಿಸುವಾಗ ಕರಾರು ಬಾಯಿಮಾತಿನಲ್ಲಿ ಮುಗಿಯುತ್ತದೆ. ಮಸೀದಿ, ಮದ್ರಸಾ, ಶಾದಿ ಮಹಲ್‌ಗಳ ಆಡಳಿತ ಸಮಿತಿಗಳು ಈ ಬಾರಿ ಕೊಟೇಶನ್ ಕೇಳುವಾಗ ದರದ ಜೊತೆಗೆ ತಂಡದವರ ಹೆಸರು ಮತ್ತು ಕಾರ್ಡ್ ಸಂಖ್ಯೆಯನ್ನೂ ಕೇಳಲಿ. ಕೆಲಸ ಮುಗಿದ ಮೇಲೆ ಸಮಿತಿಯ ಮೊಹರು ಹಾಕಿ, ಎಷ್ಟು ಚದರಡಿ, ಎಷ್ಟು ದಿನ, ಎಷ್ಟು ಮೊತ್ತ ಎಂದು ಒಂದು ಪತ್ರ ಬರೆದುಕೊಡಲಿ, ಹಣವನ್ನು ಚೆಕ್ ಮೂಲಕ ಕೊಡಲಿ. ಕಾರ್ಡ್ ಇಲ್ಲದ ಹುಡುಗರಿದ್ದರೆ ಅವರನ್ನು ಹಿಂದಕ್ಕೆ ಕಳಿಸದೆ, ಜಮಾಅತ್‌ನ ಯುವಕರಲ್ಲಿ ಕಂಪ್ಯೂಟರ್ ಬಲ್ಲ ಇಬ್ಬರು ಜುಮಾ ನಮಾಝಿನ ಬಳಿಕ ಕುಳಿತು ಅವರ ಅರ್ಜಿ ತುಂಬಿಸಿಕೊಡಲಿ. ಶಾಬಾನ್ ತಿಂಗಳು ಆರಂಭವಾಗುವ ಮೊದಲೇ ಇದನ್ನು ಮಾಡಿದರೆ ಒಳ್ಳೆಯದು. ಆಮೇಲೆ ಮೇಸ್ತ್ರಿಗಳಿಗೂ ಬಿಡುವಿರುವುದಿಲ್ಲ, ಸಮಿತಿಯವರಿಗೂ ಇರುವುದಿಲ್ಲ.