ರಿಜಿಸ್ಟ್ರೇಷನ್ ಆಯ್ತು, ಬೀಗದ ಕೈ ಎಲ್ಲಿ ಸ್ವಾಮಿ?

ಮನೆ ಮಾರಿದವರು ಮನೆ ಯಾವಾಗ ಖಾಲಿ ಮಾಡಬೇಕು? ಇದೆಂಥಾ ಪ್ರಶ್ನೆ, ಮಾರಿದ ಮೇಲೆ ಖಾಲಿ ಮಾಡಬೇಕಪ್ಪ ಅಂತೀರಾ? ಬೆಂಗಳೂರಿನಲ್ಲಿ ಹಳೇ ಮನೆಯೋ, ರೀಸೇಲ್ ಫ್ಲಾಟೋ ಕೊಂಡವರನ್ನು ಒಮ್ಮೆ ಕೇಳಿ ನೋಡಿ. "ರಿಜಿಸ್ಟ್ರೇಷನ್ ಆಗಿ ಒಂದು ತಿಂಗಳಿಗೆ ಬಿಟ್ಕೊಟ್ರು", "ಮಗಳ ಪರೀಕ್ಷೆ ಮುಗಿಯೋವರೆಗೆ ಇದ್ರು", "ಆಷಾಢ ಅಂದ್ರು, ನಾವೂ ಸುಮ್ಮನಾದ್ವಿ"... ಎಲ್ಲರೂ ಇದನ್ನ ನಿನ್ನೆ ಮಳೆ ಬಂತು ಅನ್ನೋ ಹಾಗೆ ಹೇಳ್ತಾರೆ. ಯಾರಿಗೂ ಸಿಟ್ಟಿಲ್ಲ. ಆ ಸಿಟ್ಟನ್ನೆಲ್ಲ ಸೇರಿಸಿ ನಾನೊಬ್ಬನೇ ಇಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನನ್ನ ವಾದ ಇಷ್ಟು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಆ ಮನೆ ಖಾಲಿಯಾಗಿರಬೇಕು. ಬ್ಯಾಂಕಿನವರು ಡಿಡಿ ಕೊಡುವ ಮೇಜಿನ ಮೇಲೇ ಬೀಗದ ಕೈ ಬರಬೇಕು. ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಕೀಲಿಕೈ. ಮಧ್ಯೆ "ಒಂದ್ ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋ ಮಾತು ಇರಬಾರದು.

ನಮ್ಮ ವೃತ್ತಿಯವರಿಗೆ ಇದು ಬೇಗ ಅರ್ಥವಾಗುತ್ತೆ. ಡೇಟಾಬೇಸಿನಲ್ಲಿ ಟ್ರಾನ್ಸಾಕ್ಷನ್ ಅಂದರೆ ಏನು? ಈ ಖಾತೆಯಿಂದ ಹಣ ಹೋಗಬೇಕು, ಆ ಖಾತೆಗೆ ಹಣ ಸೇರಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಅರ್ಧ ಮಾಡಿ "ಉಳಿದದ್ದು ಶ್ರಾವಣದಲ್ಲಿ ನೋಡೋಣ" ಅಂದರೆ ಮ್ಯಾನೇಜರ್ ನಮ್ಮನ್ನು ಮನೆಗೆ ಕಳಿಸ್ತಾನೆ. ಒಂದು ಲ್ಯಾಪ್‌ಟಾಪ್ ಬ್ಯಾಗ್ ಕೊಳ್ಳುವಾಗಲೂ ಅಂಗಡಿಯವನಿಗೆ ದುಡ್ಡು ಕೊಟ್ಟು ಬ್ಯಾಗ್ ಅಲ್ಲೇ ಬಿಟ್ಟು ಬರುವವರಲ್ಲ ನಾವು. ಜೀವಮಾನದಲ್ಲಿ ಒಮ್ಮೆ ಮಾಡುವ ಅತಿ ದೊಡ್ಡ ಖರೀದಿಯಲ್ಲಿ ಮಾತ್ರ ದುಡ್ಡೆಲ್ಲ ಕೊಟ್ಟು ಬರಿಗೈಲಿ ಬರ್ತೀವಿ!

ಈಗ ಕ್ರಯಪತ್ರಕ್ಕೆ ಬರೋಣ. ಕನ್ನಡದಲ್ಲಿ ಬರೆದ ಕ್ರಯಪತ್ರ ಓದಿದ್ದೀರಾ? ಓದಿ, ಮಜಾ ಇರುತ್ತೆ. ಚೆಕ್ಕುಬಂದಿ, ಹಕ್ಕುಬಾಧ್ಯತೆ, ವಂಶಪಾರಂಪರ್ಯ ಎಲ್ಲ ಬಂದು ಹೋಗುತ್ತೆ. ಅದರಲ್ಲಿ ಒಂದು ಸಾಲು ತಪ್ಪದೆ ಇರುತ್ತೆ: ಸ್ವತ್ತನ್ನು ಈ ದಿವಸವೇ ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇವೆ ಅಂತ. ಅದಕ್ಕೆ ಮಾರುವವರು ಸಹಿ ಮಾಡ್ತಾರೆ, ಕೊಳ್ಳುವವರು ಸಹಿ ಮಾಡ್ತಾರೆ, ಸಾಕ್ಷಿಗಳೂ ಸಹಿ ಮಾಡ್ತಾರೆ. ಆ ಹೊತ್ತಿನಲ್ಲಿ ಅದೇ ಮನೆಯ ಅಡುಗೆಮನೆಯಲ್ಲಿ ಮಾರಿದವರ ಕುಕ್ಕರ್ ಮೂರನೇ ಸೀಟಿ ಹೊಡೀತಿರುತ್ತೆ. ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದ ದಾಖಲೆಯಲ್ಲಿ ಇಷ್ಟೂ ಜನ ಒಟ್ಟಿಗೆ ಕೂತು ಸುಳ್ಳು ಬರೆಯೋದು, ಆಮೇಲೆ ಕಾಫಿ ಕುಡಿಯೋಕೆ ಹೋಗೋದು.

"ಅಯ್ಯೋ ಅದು ಫಾರ್ಮಾಲಿಟಿ ಕಣ್ರೀ" ಅಂತೀರಿ. ಸರಿ, ನಾಳೆ ಜಗಳ ಆದರೆ? ಸ್ವಾಧೀನ ಕೊಟ್ಟಾಗಿದೆ ಅಂತ ಕಾಗದ ಹೇಳುತ್ತೆ, ಮನೆಯೊಳಗೆ ಅವರೇ ಇದ್ದಾರೆ. ಅವರು ಅಲ್ಲಿ ಈಗ ಯಾರು? ಮಾಲೀಕರಲ್ಲ. ಬಾಡಿಗೆದಾರರಾ? ಬಾಡಿಗೆ ಕೊಡ್ತಿಲ್ಲ. ಅತಿಥಿಗಳಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ಕ್ಯಾಲೆಂಡರ್ ಹೇಗೆ ತಿರುಗುತ್ತೆ ಅಂತ ನಿಮಗೆ ಗೊತ್ತು.

ಕಾನೂನು ಏನು ಹೇಳುತ್ತೆ ಅಂತ ಒಂದು ಭಾನುವಾರ ಕೂತು ಓದಿದೆ (ಸಿನಿಮಾ ಟಿಕೆಟ್ ಸಿಗಲಿಲ್ಲ). 1882ರ ಸ್ವತ್ತು ವರ್ಗಾವಣೆ ಕಾಯ್ದೆ. ನಮ್ಮ ಮುತ್ತಜ್ಜನ ಕಾಲದ್ದು, ಇವತ್ತಿಗೂ ಜಾರಿಯಲ್ಲಿದೆ. ಅದರ 55ನೇ ಸೆಕ್ಷನ್ನು ಮಾರುವವರ, ಕೊಳ್ಳುವವರ ಕರ್ತವ್ಯಗಳನ್ನು ಹೇಳುತ್ತೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಕೊಳ್ಳುವವರು ಕೇಳಿದಾಗ ಸ್ವಾಧೀನ ಕೊಡೋದು ಮಾರುವವರ ಕರ್ತವ್ಯ. ಒಂದು ತಿಂಗಳ ರಿಯಾಯಿತಿ, ಆಷಾಢದ ರಿಯಾಯಿತಿ ಯಾವುದೂ ಅಲ್ಲಿಲ್ಲ. ಅದಕ್ಕಿಂತ ನನಗೆ ಖುಷಿಯಾಗಿದ್ದು 8ನೇ ಸೆಕ್ಷನ್ ನೋಡಿ. ಮನೆ ವರ್ಗಾವಣೆ ಆದರೆ ಅದರ ಜೊತೆ ಏನೇನು ಹೋಗುತ್ತೆ ಅಂತ ಅಲ್ಲಿ ಹೆಸರು ಹೆಸರಾಗಿ ಹೇಳಿದ್ದಾರೆ: ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ, ಮನೆಯ ಕಾಯಂ ಬಳಕೆಗೆಂದು ಇರುವ ಉಳಿದೆಲ್ಲ. ಹೌದು, ಬೀಗದ ಕೈ! ವರ್ಗಾವಣೆಯ ನಂತರ ಬರುವ ಬಾಡಿಗೆ ಕೂಡ ಹೊಸ ಮಾಲೀಕನದ್ದೇ ಅಂತಲೂ ಅಲ್ಲೇ ಇದೆ. ನೂರ ನಲವತ್ತು ವರ್ಷದ ಹಿಂದೆ ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ಕೇಳೋಕೆ ನಮಗೆ ಇವತ್ತು ಸಂಕೋಚ. (ಹೋಗುವಾಗ ಬಾಗಿಲ ಬೀಗ, ಸ್ವಿಚ್ ಬೋರ್ಡು ಬಿಚ್ಚಿಕೊಂಡು ಹೋಗುವ ಮಹಾನುಭಾವರೂ ಇದನ್ನು ಓದಲಿ.)

ಅದೇ 55ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ, ಇದು ಯಾರಿಗೂ ನೆನಪಿರಲ್ಲ. ಮಾಲೀಕತ್ವ ಕೊಂಡವರಿಗೆ ಹೋದ ಮೇಲೆ ಸ್ವತ್ತಿಗೆ ಏನಾದರೂ ಹಾನಿಯಾದರೆ, ಅದು ಮಾರಿದವರಿಂದ ಆದದ್ದಲ್ಲದಿದ್ದರೆ, ನಷ್ಟ ಕೊಂಡವರದ್ದು. ಅಂದರೆ ನೀವಿನ್ನೂ ಹೆಜ್ಜೆ ಇಡದ ಮನೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟರೆ, ಅದು ಮಾರಿದವರಿಂದ ಆಯ್ತು ಅಂತ ಸಾಬೀತು ಮಾಡುವ ಕೆಲಸ ನಿಮ್ಮ ಹೆಗಲಿಗೆ. ಒಳಗೆ ಇದ್ದವರು ಅವರು, ನೋಡಿದವರು ಅವರು, ಹೇಳಬೇಕಾದವರು ನೀವು.

ಇನ್ನು ಲೆಕ್ಕ. ಇಂಜಿನಿಯರಿಂಗ್ ಓದಿ ಲೆಕ್ಕ ಹಾಕದಿದ್ದರೆ ಹೇಗೆ :)  ನಮ್ಮ ದೊಡ್ಡಪ್ಪನ ಮಗ ದಕ್ಷಿಣ ಬೆಂಗಳೂರಿನಲ್ಲಿ ಒಂದು ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡ. ಮಾರಿದವರು ಒಳ್ಳೆಯವರೇ, ಮಾತು ಸಕ್ಕರೆ. ಹದಿನೈದು ದಿನ ಅಂದವರು ನಲವತ್ತೈದು ದಿನ ಇದ್ದರು. ಸಾಲ 60 ಲಕ್ಷ, ಬಡ್ಡಿ ಶೇಕಡಾ 8.5 ಅಂತಿಟ್ಟುಕೊಳ್ಳಿ. ದಿನಕ್ಕೆ ಬಡ್ಡಿಯೇ ಸುಮಾರು 1,400 ರೂಪಾಯಿ. ನಲವತ್ತೈದು ದಿನಕ್ಕೆ 63,000. ಅಷ್ಟೂ ದಿನ ಅವನು ತಿಂಗಳಿಗೆ 30,000 ಬಾಡಿಗೆಯ ಮನೆಯಲ್ಲೇ ಇದ್ದ, ಅಲ್ಲಿಗೆ 45,000. ಒಟ್ಟು ಒಂದು ಲಕ್ಷದ ಎಂಟು ಸಾವಿರ. ಅತ್ತ ಮಾರಿದವರು ಅವನು ಕೊಟ್ಟ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಅವನ ಮನೆಯಲ್ಲೇ ಬಿಟ್ಟಿ ಇದ್ದರು. ಅತ್ತಿಗೆ ಒಂದು ದಿನ ಹೇಳಿದಳು, "ನಮ್ಮ ಮನೆಯ ಕಾಲಿಂಗ್ ಬೆಲ್ ಒತ್ತೋಕೆ ನಾವು ಫೋನ್ ಮಾಡಿ ಪರ್ಮಿಷನ್ ತಗೋಬೇಕು" ಅಂತ. ಬಣ್ಣ ಹೊಡೆಯುವವನಿಗೆ ಅಳತೆ ತೋರಿಸೋಕೆ ಹೋದರೆ, "ನಮ್ಮೆಜಮಾನ್ರು ಮಲಗಿದಾರೆ, ಸಂಜೆ ಬನ್ನಿ" ಅಂದರಂತೆ. ಯಜಮಾನ್ರು ಯಾರಮ್ಮ ಈಗ ಆ ಮನೆಗೆ?!

ಹೋಲಿಕೆಗೆ ಇದನ್ನ ನೋಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮನೆಯ ಮೂಲಪತ್ರಗಳನ್ನು ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶ ಮಾಡಿತು. ಮನೆಯ ಕಾಗದ ತಡವಾದರೆ ದಿನಕ್ಕೆ 5,000. ಮನೆಯೇ ತಡವಾದರೆ? ಒಂದು ಲೋಟ ಬಾದಾಮಿ ಹಾಲು.

ಮಾರುವವರ ಕಡೆಯ ಮಾತೂ ಇದೆ, ಅದನ್ನು ಬಿಟ್ಟು ಬರೆದರೆ ಅನ್ಯಾಯ. ಅವರ ಅತಿ ಬಲವಾದ ವಾದ ಹೀಗೆ: "ನಾನು ಸಾಮಾನೆಲ್ಲ ಸಾಗಿಸಿ ಮನೆ ಖಾಲಿ ಮಾಡಿಟ್ಟ ಮೇಲೆ ನಿಮ್ಮ ಲೋನ್ ಕೈಕೊಟ್ಟರೆ? ಕೊನೇ ದಿನ ನೀವೇ ಬರದಿದ್ದರೆ?" ನಿಜವಾದ ಭಯ. ಆದರೆ ಅಗ್ರಿಮೆಂಟಿನ ದಿನ ತಗೊಂಡ ಮುಂಗಡ ಇರೋದು ಯಾತಕ್ಕೆ? ಈ ಭಯಕ್ಕೇ. ಬ್ಯಾಂಕಿನ ಮಂಜೂರಾತಿ ಪತ್ರ ಕೇಳಿ, ತೋರಿಸ್ತೀವಿ. ಸಾಮಾನು ಲಾರಿಗೆ ಹಾಕಿ ಲಾರಿಯನ್ನು ಗೇಟಿನ ಮುಂದೆ ನಿಲ್ಲಿಸಿಕೊಂಡೇ ಬನ್ನಿ ಬೇಕಾದರೆ. ಇಂಗ್ಲೆಂಡಿನಲ್ಲಿ ಮಾಮೂಲಾಗಿ ನಡೆಯೋದು ಹೀಗೇ: ಹಣ ಮಾರುವವರ ವಕೀಲರಿಗೆ ತಲುಪಿದ ದಿನವೇ ಕೀಲಿಕೈ ಕೈ ಬದಲಾಗುತ್ತೆ, ಲಾರಿ ಅದೇ ದಿನ ಹೊರಡುತ್ತೆ.

ಹಾಗಂತ ರಿಜಿಸ್ಟ್ರೇಷನ್ನಿಗೆ ಮೊದಲೇ ಬೀಗದ ಕೈ ಕೊಡಿ ಅಂತ ಕೇಳುವ ಕೊಳ್ಳುವವರಿಗೂ ನಾನು ಓಟು ಹಾಕಲ್ಲ. ಕರ್ನಾಟಕದ ಸ್ಟಾಂಪ್ ಕಾಯ್ದೆಯಲ್ಲಿ, ಕ್ರಯಪತ್ರಕ್ಕೆ ಮುಂಚೆಯೇ ಸ್ವಾಧೀನ ಕೊಡುವ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತೆ. ಸರ್ಕಾರಕ್ಕೂ ಗೊತ್ತು, ಕೀಲಿಕೈ ಅಂದರೆ ಅರ್ಧ ಮನೆ ಅಂತ. ಮೊದಲೂ ಬೇಡ, ಆಮೇಲೂ ಬೇಡ. ಅದೇ ದಿನ.

ಎರಡನೇ ವಾದ, ಮಾರಿದ ದುಡ್ಡು ಬಂದ ಮೇಲೇ ಅವರು ಇನ್ನೊಂದು ಮನೆ ಕೊಳ್ಳಬೇಕು, ಅಲ್ಲಿವರೆಗೆ ಎಲ್ಲಿ ಹೋಗ್ತಾರೆ ಅಂತ. ಒಪ್ಪಿದೆ. ಇರಿ. ಆದರೆ ಬರೆದು ಇರಿ, ದುಡ್ಡು ಕೊಟ್ಟು ಇರಿ. ನ್ಯೂಜೆರ್ಸಿಯಲ್ಲಿ ಮನೆ ಕೊಂಡ ನನ್ನ ಗೆಳೆಯನೊಬ್ಬ ಅಲ್ಲಿಯ ಕ್ರಮ ಹೇಳ್ತಿದ್ದ. ಅಮೆರಿಕದಲ್ಲಿ ಪದ್ಧತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೂ ಸಾಮಾನ್ಯವಾಗಿ 'ಕ್ಲೋಸಿಂಗ್'ಗೆ ಸ್ವಲ್ಪ ಮುಂಚೆ ಕೊಳ್ಳುವವರು ಮನೆಯೊಳಗೆಲ್ಲ ಒಮ್ಮೆ ನಡೆದು, ಖಾಲಿಯಾಗಿದೆಯಾ, ನಲ್ಲಿ ಸರಿ ಇದೆಯಾ ಅಂತ ನೋಡಿಯೇ ಸಹಿಗೆ ಹೋಗ್ತಾರೆ. ಮಾರಿದವರು ಇನ್ನೂ ಸ್ವಲ್ಪ ದಿನ ಇರಲೇಬೇಕಾದರೆ ಅದಕ್ಕೇ ಬೇರೆ ಒಪ್ಪಂದ: ದಿನಕ್ಕಿಷ್ಟು ಅಂತ ಬಾಡಿಗೆ, ಮಧ್ಯಸ್ಥರ ಹತ್ತಿರ ಇಟ್ಟ ಠೇವಣಿ, ಬಿಡಬೇಕಾದ ತಾರೀಖು, ಮೀರಿದರೆ ದಂಡ. ಸ್ವಂತ ವಾಸಕ್ಕೆಂದು ಸಾಲ ತೆಗೆದವರು ಸಾಮಾನ್ಯವಾಗಿ 60 ದಿನದೊಳಗೆ ಮನೆಗೆ ಹೋಗಬೇಕು ಅಂತ ಸಾಲದ ಷರತ್ತೇ ಇರೋದರಿಂದ ಇದನ್ನು ಅದಕ್ಕಿಂತ ಎಳೆಯೋದು ಕಷ್ಟ. ಯಾರೂ ಯಾರಿಗೂ ಅವಮಾನ ಮಾಡಿದ ಹಾಗೆ ಅಂದುಕೊಳ್ಳಲ್ಲ.

ನಮ್ಮಲ್ಲಿ ಇದನ್ನೇ ಕೇಳಿ ನೋಡಿ, "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಮುಖ ಊದಿಸ್ತಾರೆ. ಬಾಡಿಗೆಗೆ ಬಂದವರ ಹತ್ತಿರ ಹತ್ತು ತಿಂಗಳ ಅಡ್ವಾನ್ಸ್ ಕಿತ್ತುಕೊಂಡು ಬೆಳೆದ ಊರು ಸ್ವಾಮಿ ಇದು! ಅಷ್ಟು ವರ್ಷ ನೀವು ಯಾರನ್ನು ನಂಬಿದ್ರಿ? ಮನೆ ಬಿಡುವಾಗ ಗೋಡೆಯ ಮೊಳೆ ಲೆಕ್ಕ ಹಾಕಿ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಅಂತ ಮುರಿದುಕೊಂಡವರು, ಈಗ ಒಂದು ತಿಂಗಳ ಠೇವಣಿ ಇಡಿ ಅಂದರೆ ಮಾನವೀಯತೆಯ ಪಾಠ ಮಾಡೋದು.

ವಯಸ್ಸಾದವರು, ಮೂವತ್ತು ವರ್ಷ ಬಾಳಿದ ಮನೆ, ತುಳಸಿ ಕಟ್ಟೆ ಬಿಟ್ಟು ಹೋಗೋಕೆ ಸಂಕಟ... ಅದು ನನಗೂ ಅರ್ಥವಾಗುತ್ತೆ, ನಮ್ಮಜ್ಜಿ ಊರ ಮನೆ ಬಿಟ್ಟು ಬರುವಾಗ ಹೊಸಿಲು ಮುಟ್ಟಿ ಅತ್ತದ್ದನ್ನು ನೋಡಿದ್ದೇನೆ. ಅಂಥವರಿಗೆ ಸಮಯ ಬೇಕು ನಿಜ. ಆ ಸಮಯವನ್ನು ರಿಜಿಸ್ಟ್ರೇಷನ್ನಿಗೆ ಮುಂಚೆ ತಗೊಳ್ಳಲಿ ಅನ್ನೋದಷ್ಟೇ ನನ್ನ ಮಾತು. ಎರಡು ತಿಂಗಳು ಬೇಕಾ? ತಾರೀಖನ್ನೇ ಎರಡು ತಿಂಗಳು ಮುಂದಿಡಿ. ಆಷಾಢದಲ್ಲಿ ಮನೆ ಬಿಡಲ್ಲ, ಧನುರ್ಮಾಸದಲ್ಲಿ ಬಿಡಲ್ಲ, ಪಿತೃಪಕ್ಷದಲ್ಲಿ ಬಿಡಲ್ಲ ಅನ್ನೋದಾದರೆ ಪಂಚಾಂಗ ಅಗ್ರಿಮೆಂಟಿನ ದಿನವೇ ತೆಗೆದು ನೋಡಬಹುದಲ್ಲ? ಡಿಡಿ ತಗೊಳ್ಳೋಕೆ ಮಾತ್ರ ಯಾವ ಮಾಸವೂ ಅಡ್ಡ ಬರಲ್ಲ!

ಇನ್ನೊಂದು ವಿಷಯ, ಮನೆಯಲ್ಲಿ ಮಾರುವವರಲ್ಲದೆ ಬೇರೆ ಯಾರಾದರೂ ಇದ್ದರೆ ಎರಡು ಪಟ್ಟು ಹುಷಾರು. ಮೇಲಿನ ಮಹಡಿಯನ್ನು ಭೋಗ್ಯಕ್ಕೆ ಕೊಟ್ಟಿದ್ದಾರೆ, "ಅವರು ಹೋಗ್ತಾರೆ ಬಿಡಿ" ಅಂತಾರೆ. ಭೋಗ್ಯದ ಲಕ್ಷಗಳು ವಾಪಸ್ ಬರದೆ ಅವರ್ಯಾಕೆ ಹೋಗ್ತಾರೆ? ಮನೆಯೊಳಗೆ ವಾಸವಿರುವವರ ಹಕ್ಕು ಏನೇ ಇದ್ದರೂ ಅದು ಕೊಳ್ಳುವವನಿಗೆ ಗೊತ್ತಿತ್ತು ಅಂತಲೇ ಅದೇ 1882ರ ಕಾಯ್ದೆ ಎಣಿಸುತ್ತೆ. ನೀವು ಬಾಗಿಲು ತಟ್ಟಿ ಕೇಳಿರಲಿಲ್ಲ ಅನ್ನೋದು ನೆಪವಾಗಲ್ಲ. ಭೋಗ್ಯದವರ ದುಡ್ಡನ್ನು ಯಾರು, ಯಾವತ್ತು ಕೊಡೋದು ಅಂತ ಅವರನ್ನೂ ಕೂರಿಸಿಕೊಂಡೇ ಬರೆಸಿ.

ಹಾಗಾದರೆ ಅಗ್ರಿಮೆಂಟಿನಲ್ಲಿ ಏನು ಬರೆಸಬೇಕು? ಮನೆಯನ್ನು ಖಾಲಿ ಮಾಡಿ ಕ್ರಯಪತ್ರ ನೋಂದಣಿಯ ದಿನ, ನೋಂದಣಿಯ ಸ್ಥಳದಲ್ಲೇ, ಎಲ್ಲ ಕೀಲಿಕೈಗಳನ್ನೂ ಕೊಡತಕ್ಕದ್ದು. ಹಿಂದಿನ ದಿನ ಕೊಳ್ಳುವವರು ಬಂದು ನೋಡಬಹುದು. ಖಾಲಿಯಿಲ್ಲದಿದ್ದರೆ ನೋಂದಣಿ ಮುಂದಕ್ಕೆ. ಇಷ್ಟೇ. ಉಳಿಯುವ ಮಾತು ಬಂದರೆ ಬೇರೆ ಕಾಗದ, ತಾರೀಖು, ದಿನದ ಮೊತ್ತ, ಠೇವಣಿ. ಜೊತೆಗೆ ಕ್ರಯಪತ್ರದಲ್ಲೂ ಸ್ವಾಧೀನ ಇಂಥ ದಿನ ಕೊಡ್ತೀವಿ ಅಂತ ನಿಜವನ್ನೇ ಬರೆಸಿ. ಪತ್ರ ಬರಹಗಾರರು "ಇದೆಲ್ಲ ಯಾರೂ ಬರೆಸಲ್ಲ ಸಾರ್" ಅಂತಾರೆ. ಅವರಿಗೆ ಹಳೇ ಫೈಲನ್ನು ಕಾಪಿ ಪೇಸ್ಟ್ ಮಾಡಿ ಹೆಸರು ಬದಲಾಯಿಸುವ ಅಭ್ಯಾಸ (ನಾವು ಕೋಡ್ ಬರೆಯುವವರು ಇದಕ್ಕೆ ನಗುವ ಹಾಗಿಲ್ಲ). ಪಕ್ಕದಲ್ಲಿ ನಿಂತು ಟೈಪ್ ಮಾಡಿಸಿ.

ನಮ್ಮ ದೊಡ್ಡಪ್ಪನ ಮಗ ಇದನ್ನು ಓದಿ "ನೀನು ಮನೆ ಕೊಳ್ಳುವಾಗ ನೋಡ್ತೀನಿ, ಎಷ್ಟು ಜೋರು ಮಾಡ್ತೀಯ ಅಂತ" ಅಂದಿದ್ದಾನೆ. ನೋಡಲಿ. ಸಾಲದ ಅರ್ಹತೆ ಸಿಗಲಿ ಮೊದಲು :)

ನಿಮ್ಮಲ್ಲಿ ಮನೆ ಮಾರಿದವರೂ ಇರಬಹುದು, ನಿಮ್ಮ ಕಡೆಯ ಕಥೆ ಬೇರೆಯೇ ಇದ್ದರೆ ಬರೆಯಿರಿ. ಎಷ್ಟು ದಿನ ಇದ್ದಿರಿ, ಯಾಕೆ ಇದ್ದಿರಿ, ಬಾಡಿಗೆ ಕೊಟ್ಟಿರಾ ಅನ್ನೋದನ್ನೂ ಸೇರಿಸಿ!